ಹಬೆಪೆಟ್ಟಿಗೆಯ ಕಿಂಡಿ

"ಬುದ್ಧಿ, ಸಿದ್ದಮಲ್ಲನನ್ನು ಅವನ ಊರಿಗೆ ಕಳುಹಿಸಿಬಿಡಲೇ?"

ಕೇಳಿದವನು ಚನ್ನವೀರಯ್ಯ, ಮಠದ ಹಿರಿಯ ಶಿಷ್ಯ. ಸಾಧಕರ ಊಟ, ಪಾಠ, ನಿದ್ದೆಗಳ ಉಸ್ತುವಾರಿಯನ್ನು ಗುರುಗಳು ಅವನ ಹೆಗಲಿಗೆ ಹಾಕಿ ಇನ್ನೂ ವರ್ಷವಾಗಿರಲಿಲ್ಲ. ಸಿದ್ದಮಲ್ಲ ಆ ಸಾಧಕರಲ್ಲೊಬ್ಬ. ಅನ್ನ ಬೆಂದಿಲ್ಲ ಎನ್ನುತ್ತಿದ್ದ, ಸ್ನಾನದ ನೀರು ತಣ್ಣಗಿದೆ ಎನ್ನುತ್ತಿದ್ದ. ಬೆಳಗ್ಗೆ ಏಳುವ ಹೊತ್ತನ್ನು ಚನ್ನವೀರಯ್ಯ ಹೀಗೆ ಇನ್ನೂ ಮುಂಚೆ, ಇನ್ನೂ ಮುಂಚೆ ಎಂದು ಎಳೆಯುತ್ತ ಹೋದರೆ ಪಾಠದಲ್ಲಿ ತೂಕಡಿಸುವುದೇ ಸಾಧನೆಯಾಗುತ್ತದೆ ಎಂದು ಎಲ್ಲರೆದುರೇ ಹೇಳಿದ್ದ. ಚನ್ನವೀರಯ್ಯನಿಗೆ ಮೈಯೆಲ್ಲ ಉರಿದಿತ್ತು. ಮೊದಲು ಕಿವಿಮಾತು ಹೇಳಿ ನೋಡಿದ, ಆಮೇಲೆ ಗದರಿದ. ಯಾವುದೂ ನಾಟಲಿಲ್ಲ. ಹಾಸಿಗೆ ಸುತ್ತಿ ಇಟ್ಟಿರು ಎಂದು ಸಿದ್ದಮಲ್ಲನಿಗೆ ಹೇಳಿಯೇ ಅವನು ಗುರುಗಳ ಬಳಿಗೆ ಬಂದಿದ್ದ. ಗುರುಗಳು ಹೂಂ ಎಂದರೆ ಸಾಕು, ಸಿದ್ದಮಲ್ಲ ಸಂಜೆಯ ಬಸ್ಸು ಹತ್ತುವವನಿದ್ದ. ಓದು ಅರ್ಧಕ್ಕೆ ನಿಂತರೆ ಅವನನ್ನು ಮತ್ತೆ ಸೇರಿಸಿಕೊಳ್ಳುವ ಮಠ ಬೇರೊಂದಿರಲಿಲ್ಲ.

"ಉಳಿದವರನ್ನು ನೋಡಿ ಬುದ್ಧಿ. ಒಬ್ಬರ ಬಾಯಲ್ಲೂ ಮಾತಿಲ್ಲ. ಇವನೊಬ್ಬನದೇ ಗದ್ದಲ" ಎಂದ.

ಗುರುಗಳು ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಕೂತುಕೋ ಎಂದರು. ಅವನು ಕೂತ ಮೇಲೆ ಕತೆ ಹೇಳತೊಡಗಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ರೇಷ್ಮೆ ಸಾಕಣೆಗಾರನಿದ್ದ. ಅವನದು ಚಾಕಿ ಕಟ್ಟುವ ಕೆಲಸ. ಮೊಟ್ಟೆಯೊಡೆದ ಎಳೆಹುಳುಗಳನ್ನು ಎರಡು ಜ್ವರ ದಾಟಿಸಿ, ಅವು ಗಟ್ಟಿಯಾದ ಮೇಲೆ ಊರಿನ ರೈತರಿಗೆ ಒಪ್ಪಿಸುವುದಕ್ಕೆ ಹಾಗೆನ್ನುತ್ತಾರೆ. ರೇಷ್ಮೆಹುಳುವಿಗೆ ಬರುವ ಜ್ವರ ಕಾಯಿಲೆಯಲ್ಲ. ಪೊರೆ ಕಳಚುವ ಕಾಲ ಬಂದಾಗ ಹುಳು ಸೊಪ್ಪು ತಿನ್ನುವುದನ್ನು ಬಿಡುತ್ತದೆ, ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೇ ಜ್ವರಕ್ಕೆ ಕೂತಿದೆ ಎಂಬ ಮಾತು. ಪೊರೆ ಬಿಟ್ಟು ಎದ್ದ ಹುಳು ಹಸಿದಿರುತ್ತದೆ, ಹೊಸ ಸೊಪ್ಪಿಗೆ ಬಾಯಿ ಹಾಕುತ್ತದೆ. ಎಲ್ಲ ಹುಳುವೂ ಒಟ್ಟಿಗೆ ಕೂತು ಒಟ್ಟಿಗೆ ಎದ್ದರೆ ಬೆಳೆ ಕೈಗೆ ಬಂದಂತೆ. ಹಿಂದೆಮುಂದೆ ಎದ್ದರೆ ಆ ಬೆಳೆಯ ಆಸೆ ಬಿಡಬೇಕು.

ಹುಳುಗಳು ಅವನವಲ್ಲ, ಊರಿನವು. ನಾಲ್ಕು ಬೀದಿಯ ರೈತರು ತಮ್ಮ ಮೊಟ್ಟೆಗಳನ್ನು ಅವನ ಮನೆಗೆ ತಂದುಕೊಟ್ಟು, ತಮ್ಮ ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟುತ್ತ ಕಾದಿರುತ್ತಿದ್ದರು. ಸಾಕಣೆಗಾರ ಒಂದೊಂದು ಬೀದಿಯ ತಟ್ಟೆಗಳನ್ನು ಒಂದೊಂದು ಕೋಣೆಯಲ್ಲಿ ಇಡುತ್ತಿದ್ದ. ಅವನ ಕೈಯಿಂದ ಹೋದ ಹುಳು ಸೊರಗಿದ್ದಿಲ್ಲ ಎಂಬ ಮಾತಿತ್ತು. ಆ ಮಾತೇ ಅವನ ಬದುಕು. ಅದು ಹೋದರೆ ಮರುವರ್ಷ ಅವನ ಅಂಗಳಕ್ಕೆ ಯಾರೂ ಕಾಲಿಡುತ್ತಿರಲಿಲ್ಲ.

ಎಳೆಹುಳುವಿಗೆ ಬೆಚ್ಚಗಿರಬೇಕು. ಚಳಿಗಾಲದಲ್ಲಿ ಎಲ್ಲರೂ ಕೋಣೆಯಲ್ಲಿ ಇದ್ದಿಲ ಕುಂಪಟೆ ಇಡುತ್ತಾರೆ. ಅದರ ಹೊಗೆ ಹುಳುವಿಗೆ ಆಗದು, ಸಾಕುವವರಿಗೂ ಆಗದು. ಒಮ್ಮೆ ಗುಡ್ಡದ ಮೇಲಿನ ಊರಿನಲ್ಲಿ ಒಂದು ಹಳೆಯ ಬಂಗಲೆಯನ್ನು ಕೆಡವಿದರು. ಚಳಿಗೆ ಹೆದರುವ ಯಾರೋ ದೊರೆ ಕಟ್ಟಿಸಿಕೊಂಡಿದ್ದ ಬಂಗಲೆ ಅದು. ಕೋಣೆ ಕೋಣೆಗೂ ಗೋಡೆಯ ಬದಿಯಲ್ಲಿ ಪಕ್ಕೆಲುಬಿನಂಥ ಕಬ್ಬಿಣದ ಪೆಟ್ಟಿಗೆಗಳಿದ್ದವು. ಕೆಳಗೆ ಮುಚ್ಚಿದ ಹಂಡೆಯಲ್ಲಿ ನೀರು ಕುದಿಸಿದರೆ ಹಬೆ ಕೊಳವೆಯಲ್ಲಿ ಹೋಗಿ ಆ ಪೆಟ್ಟಿಗೆಗಳನ್ನು ತುಂಬುತ್ತಿತ್ತು. ಹೊಗೆಯಿಲ್ಲದೆ ಕೋಣೆ ಬೆಚ್ಚಗಾಗುತ್ತಿತ್ತು. ಸಾಕಣೆಗಾರ ಹಂಡೆ, ಕೊಳವೆ, ಪೆಟ್ಟಿಗೆ ಎಲ್ಲವನ್ನೂ ಕೊಂಡು ಗಾಡಿಯಲ್ಲಿ ಹೇರಿಸಿ ತಂದು ತನ್ನ ನಾಲ್ಕು ಕೋಣೆಗಳಿಗೆ ಕೂರಿಸಿದ. ಊರಿನವರು ಬಂದು ಮುಟ್ಟಿ ನೋಡಿ, ಕೈ ಚುರುಕ್ಕೆಂದು ಹಿಂದಕ್ಕೆಳೆದುಕೊಂಡು ನಕ್ಕರು. ಅವನು ಮೀಸೆ ತಿರುವಿದ. ತಿರುವಲಿ, ಅದರಲ್ಲಿ ತಪ್ಪೇನಿಲ್ಲ.

ಪ್ರತಿ ಪೆಟ್ಟಿಗೆಯ ಪಕ್ಕದಲ್ಲೂ ಹೆಬ್ಬೆರಳಿನಷ್ಟು ಒಂದು ಕಿಂಡಿಯಿತ್ತು. ಅದು ಏತಕ್ಕೆ ಎಂದು ಅವನು ಕೇಳಲಿಲ್ಲ. ಕೂರಿಸಿಕೊಟ್ಟವರೂ ಹೇಳದೆ ಹೋದರು.

ಆ ವರ್ಷ ಚಳಿ ಬಿಗಿಯಾಗಿ ಬಿತ್ತು. ಹುಳುಗಳು ಮೊದಲ ಜ್ವರ ದಾಟಿ ಎರಡನೆಯ ಜ್ವರದ ಹೊಸ್ತಿಲಿಗೆ ಬಂದಿದ್ದವು. ಸಾಕಣೆಗಾರನಿಗೆ ಒಳಗೊಳಗೇ ಭಯ. ಹಂಡೆಯ ಕೆಳಗೆ ಇನ್ನೆರಡು ಕೊರಡು ನೂಕಿದ. ಭಯ ತಗ್ಗಲಿಲ್ಲ, ಮತ್ತೆರಡು ನೂಕಿದ. ಒಲೆ ಧಗಧಗ ಉರಿಯಿತು. ಅಂದಿನಿಂದ ಪೆಟ್ಟಿಗೆಗಳು ಸದ್ದು ಮಾಡತೊಡಗಿದವು. ಒಂದರೊಳಗೆ ಗೊಳಗೊಳ ಎಂದಿತು, ನಾಲ್ಕೂ ಕಿಂಡಿಯಿಂದ ಬುಸುಗುಟ್ಟಿದವು, ನಡುನಡುವೆ ಶಿಳ್ಳೆ ಹಾಕಿದವು.

ಬೇರೆ ಯಾರ ಮನೆಯಲ್ಲಾದರೂ ಇಂಥ ಸದ್ದನ್ನು ಕಿವಿಗೆ ಹಾಕಿಕೊಳ್ಳದೆ ಮಲಗುತ್ತಿದ್ದರು. ಆದರೆ ಹುಳು ಸಾಕುವವರ ರೂಢಿಯೇ ಬೇರೆ. ಹುಳು ಜ್ವರಕ್ಕೆ ಕೂತ ಮನೆಯಲ್ಲಿ ಒರಳಿಗೆ ಒನಕೆ ಬೀಳದು. ಒಗ್ಗರಣೆಯ ಘಾಟು ಏಳದು. ಕಾಲು ತೊಳೆಯದೆ ಯಾರೂ ಕೋಣೆಯೊಳಗೆ ಹೋಗರು. ಮಾತಾಡುವುದಿದ್ದರೆ ಹಿತ್ತಲಿಗೆ ಹೋಗಿ ಮಾತಾಡುತ್ತಾರೆ. ಸದ್ದಾದರೆ ಹುಳು ಬೆಚ್ಚಿಬಿದ್ದು ಹೊತ್ತಿಗೆ ಮುಂಚೆ ಎದ್ದುಬಿಡುತ್ತದೆ ಎಂದು ಅವರ ಅಜ್ಜನ ಕಾಲದಿಂದ ನಂಬಿಕೆ. ಇಂಥ ಮನೆಯಲ್ಲಿ ನಾಲ್ಕು ಕಬ್ಬಿಣದ ಪೆಟ್ಟಿಗೆಗಳು ಹಗಲಿರುಳೂ ಬುಸುಗುಟ್ಟಿದರೆ ಅವನ ಗತಿಯೇನಾಗಬೇಡ?

ಅವನು ದಡ್ಡನಲ್ಲ. ಮೊದಲು ಗೊಳಗೊಳ ಎನ್ನುತ್ತಿದ್ದ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಿದ. ಅದರ ಒಂದು ಕಾಲು ನೆಲದಲ್ಲಿ ಇಳಿದು, ಪೆಟ್ಟಿಗೆ ಕೊಳವೆಯ ಎದುರು ದಿಕ್ಕಿಗೆ ವಾಲಿತ್ತು. ತಣಿದು ನೀರಾದ ಹಬೆ ಹಂಡೆಗೆ ಹಿಂತಿರುಗಲಾಗದೆ ಒಳಗೇ ನಿಂತಿತ್ತು. ಆ ಕಾಲಿನ ಕೆಳಗೆ ಹೆಂಚಿನ ಚೂರೊಂದನ್ನು ಕೊಟ್ಟ. ನೀರು ಹರಿದುಹೋಯಿತು, ಗೊಳಗೊಳ ನಿಂತಿತು. ಸರಿಯಾದ ಕೆಲಸ ಅದು. ತನ್ನ ಬೆನ್ನು ತಾನೇ ತಟ್ಟಿಕೊಂಡ. ಒಂದು ಸದ್ದು ನಿಲ್ಲಿಸಿದವನಿಗೆ ಉಳಿದವನ್ನು ನಿಲ್ಲಿಸುವುದು ಯಾವ ಮಹಾ ಎನ್ನಿಸಿತು. ಅಲ್ಲಿಂದ ಮುಂದೆ ಅವನು ಪೆಟ್ಟಿಗೆಗೆ ಏನಾಗಿದೆ ಎಂದು ನೋಡುವುದನ್ನು ಬಿಟ್ಟ. ಸದ್ದು ಎಲ್ಲಿಂದ ಬರುತ್ತಿದೆ ಎಂದಷ್ಟೇ ಹುಡುಕಿದ.

ಸದ್ದು ಬರುತ್ತಿದ್ದದ್ದು ಕಿಂಡಿಯಿಂದ. ಎಣ್ಣೆ ಬಿಟ್ಟ, ನಿಲ್ಲಲಿಲ್ಲ. ಬಟ್ಟೆ ಸುತ್ತಿದ, ಬಟ್ಟೆ ತೊಯ್ದು ತೊಟ್ಟಿಕ್ಕಿತು. ಕೊನೆಗೆ ಹುಣಸೆ ಮರದ ಚಕ್ಕೆಯನ್ನು ಕೆತ್ತಿ ಬಿರಡೆ ಮಾಡಿ, ಚಿಂದಿ ಸುತ್ತಿ, ಸುತ್ತಿಗೆಗೂ ಬಟ್ಟೆ ಕಟ್ಟಿಕೊಂಡು, ಸದ್ದಾಗದ ಹಾಗೆ ಕಿಂಡಿಗೆ ಬಡಿದ. ಬುಸುಗುಡುವುದು ನಿಂತಿತು. ಒಂದು ಕೋಣೆಯಾಯಿತು, ಇನ್ನೊಂದಾಯಿತು, ಮೂರನೆಯದೂ ಆಯಿತು. ಅಷ್ಟರಲ್ಲಿ ಹುಳುಗಳು ಜ್ವರಕ್ಕೆ ಕೂತಿದ್ದವು. ಮೂರು ಕೋಣೆಗಳಲ್ಲೂ ಸೂಜಿ ಬಿದ್ದರೆ ಕೇಳಿಸುವಷ್ಟು ನಿಶ್ಶಬ್ದ. ಅವನಿಗೆ ಹೋದ ಜೀವ ಬಂದಂತಾಯಿತು.

ಉಳಿದದ್ದು ಮೂಲೆಯ ಕೋಣೆ. ಅಲ್ಲಿ ಸೊಪ್ಪು ಹಾಕುತ್ತಿದ್ದವಳು ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಆ ಒಂದು ಕೋಣೆಯನ್ನು ತನ್ನದು ಮಾಡಿಕೊಂಡಿದ್ದಳು. ಮಾತಿನಲ್ಲಿ ಖಾರ, ಕಿವಿ ಮಂದ. ಮೂರು ಕಿಂಡಿಗಳನ್ನು ಮುಚ್ಚಿದ ಮೇಲೆ ಹಬೆಯೆಲ್ಲ ಅವಳ ಕೋಣೆಯ ಕಡೆಗೇ ನುಗ್ಗಿ, ಆ ಪೆಟ್ಟಿಗೆ ಮೊದಲಿಗಿಂತ ಜೋರಾಗಿ ಬುಸುಗುಟ್ಟುತ್ತಿತ್ತು. ಇಷ್ಟು ದಿನ ಎಲ್ಲವೂ ಸದ್ದು ಮಾಡುತ್ತಿದ್ದಾಗ ಅವನಿಗೆ ಕೆಟ್ಟಿರುವುದು ಯಾವುದು ಎಂದು ತಿಳಿದಿರಲಿಲ್ಲ. ಈಗ ತಿಳಿಯಿತು ಎಂದುಕೊಂಡ. ಮೂರು ಪೆಟ್ಟಿಗೆ ಒಳ್ಳೆಯವು, ಇದೊಂದು ಪೆಟ್ಟಿಗೆ ಕೆಟ್ಟದ್ದು. ಬಿರಡೆ ಹಿಡಿದು ಅವಸರದಲ್ಲಿ ಒಳನುಗ್ಗಿದ. ಅಕ್ಕ ಅವನ ಕಾಲು ನೋಡಿದಳು.

"ಕಾಲು ತೊಳೀದೆ ಜ್ವರದ ಕೋಣೆಗೆ ಬಂದಿದ್ದೀಯಲ್ಲೋ. ಮೊದ್ಲು ಆಚೆ ನಡಿ."

"ಈ ಸದ್ದಿಗೆ ಹುಳ ಎದ್ದ್‌ಬಿಡ್ತವೆ ಕಣಕ್ಕ."

"ಯಾವ ಸದ್ದು?" ಎಂದಳು ಅಕ್ಕ.

ಅವನು ಕೈಸನ್ನೆ ಮಾಡಿ ವಿವರಿಸಿದ. ಅವಳಿಗೆ ಅರ್ಥವಾಯಿತೋ ಇಲ್ಲವೋ, ತನ್ನ ಕೋಣೆಯ ವಸ್ತುವಿಗೆ ಬೇರೆಯವರು ಕೈಹಚ್ಚುವುದು ಅವಳಿಗೆ ಆಗುತ್ತಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತಳು. ಅವಳಿಗೆ ಹಬೆಯ ಗುಟ್ಟು ಗೊತ್ತಿತ್ತು ಎಂದು ತಿಳಿಯಬೇಡ, ಏನೂ ಗೊತ್ತಿರಲಿಲ್ಲ. ಬರೀ ಹಟ. ಜ್ವರಕ್ಕೆ ಕೂತ ಮನೆಯಲ್ಲಿ ಜಗಳ ಮಾಡುವ ಹಾಗಿರಲಿಲ್ಲ. ಸಾಕಣೆಗಾರ ಹಲ್ಲು ಕಚ್ಚಿಕೊಂಡು ಹೊರಬಂದ.

ಜ್ವರ ಬಿಡಬೇಕಾದ ದಿನ ಬೆಳಗಾಯಿತು. ಮೂಲೆಯ ಕೋಣೆಯಲ್ಲಿ ಹುಳುಗಳು ಎದ್ದಿದ್ದವು. ಹೊಸ ಸೊಪ್ಪು ಹಾಕಿದ್ದೇ ತಡ, ತಟ್ಟೆಯ ತುಂಬ ಸರಸರ ಎಂದು ಮೇಯುತ್ತಿದ್ದವು. ಅವನು ಉಳಿದ ಮೂರು ಕೋಣೆಗಳಿಗೆ ಹೋಗಿ ನೋಡಿದ. ಹುಳುಗಳು ತಲೆಯೆತ್ತಿ ಕೂತಲ್ಲೇ ಕೂತಿದ್ದವು, ಒಂದೂ ಅಲ್ಲಾಡಿರಲಿಲ್ಲ. ಕಣ್ಣಿದ್ದವನಿಗೆ ಅಲ್ಲೇ ಗೊತ್ತಾಗಬೇಕಿತ್ತು. ಆದರೆ ಅವನು ಇಷ್ಟು ದಿನ ಕಿವಿಯಿಂದಲೇ ಮನೆ ಕಾದವನು. ಅವನಿಗೆ ಹೊಳೆದದ್ದೇ ಬೇರೆ. ಅಕ್ಕನ ಕೋಣೆಯ ಗದ್ದಲಕ್ಕೆ ಹುಳುಗಳು ಹೊತ್ತಿಗೆ ಮುಂಚೆ ಎದ್ದುಬಿಟ್ಟಿವೆ, ಇಲ್ಲಿ ನೆಮ್ಮದಿಯಿದೆ, ಅದಕ್ಕೇ ಇವು ಗಾಢವಾಗಿ ಕೂತಿವೆ ಎಂದುಕೊಂಡ. ಅಕ್ಕನ ಕೋಣೆಯ ಬೀದಿಯವರಿಗೆ ಏನೆಂದು ಮುಖ ತೋರಿಸಲಿ ಎಂದು ಪೇಚಾಡಿದ. ಇನ್ನು ಸುಮ್ಮನಿರಬಾರದು, ಅಕ್ಕ ಬಚ್ಚಲಿಗೆ ಹೋದ ಹೊತ್ತಿನಲ್ಲಿ ಆ ಕಿಂಡಿಯನ್ನು ಮುಚ್ಚಿಬಿಡಬೇಕು ಎಂದು ನಿಶ್ಚಯಿಸಿದ.

ಹಿಂದಿನ ಬಿರಡೆ ಆ ಕಿಂಡಿಗೆ ಸ್ವಲ್ಪ ದಪ್ಪವಾಗಿತ್ತು. ಅದನ್ನು ಸವರಿ ಸಣ್ಣ ಮಾಡಲು ಚೂರಿ ಹಿಡಿದು ನಡುಕೋಣೆಯಲ್ಲಿ ಕೂತ. ಚಕ್ಕೆ ತಟ್ಟೆಗೆ ಸಿಡಿಯದಂತೆ ಮೆಲ್ಲಗೆ ಹೆರೆದ. ಬೆರಳಿನಿಂದ ಅಳತೆ ನೋಡಿದ, ಮತ್ತೆ ಹೆರೆದ. ಒಳ್ಳೆಯ ಬಿರಡೆಯಾಯಿತು. ಏಳಬೇಕು ಎನ್ನುವಾಗ ಪಂಚೆಯ ಅಡಿಯಿಂದ ಚಳಿ ಹತ್ತಿದಂತಾಯಿತು. ಎಲ್ಲಿ ಕೂತಿದ್ದೇನೆ ಎಂದು ನೋಡಿಕೊಂಡ. ಹಬೆಪೆಟ್ಟಿಗೆಯ ಮೇಲೆ ಕೂತಿದ್ದ.

ಊರಿನವರು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ ಪೆಟ್ಟಿಗೆ ಅದು. ಅವನು ಅದರ ಮೇಲೆ ಕೂತು ಒಂದು ಬಿರಡೆಯನ್ನು ಪೂರ್ತಿ ಕೆತ್ತಿ ಮುಗಿಸಿದ್ದ.

ಅಂಗೈಯನ್ನು ಪೆಟ್ಟಿಗೆಯ ಉದ್ದಕ್ಕೂ ಎಳೆದ. ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿತ್ತು. ಪಕ್ಕದ ಕೋಣೆಗೆ ಓಡಿದ, ಅಲ್ಲೂ ಹಾಗೆಯೇ. ಮೂರನೆಯದೂ ಹಾಗೆಯೇ. ಕಾಲು ತೊಳೆಯುವುದನ್ನು ಮರೆತು ಅಕ್ಕನ ಕೋಣೆಗೆ ಹೋಗಿ ಬುಸುಗುಟ್ಟುವ ಪೆಟ್ಟಿಗೆಯನ್ನು ಮುಟ್ಟಿದ. ಕೈ ಸುಟ್ಟಿತು. ಸುಟ್ಟ ಕೈಯನ್ನು ಹಿಡಿದುಕೊಂಡು ನಿಂತಾಗ ಅವನಿಗೆ ತಿಳಿಯಿತು.

ಖಾಲಿ ಪೆಟ್ಟಿಗೆಯೆಂದು ನಾವು ಅನ್ನುತ್ತೇವೆ, ಅದು ಖಾಲಿಯಿರುವುದಿಲ್ಲ, ಗಾಳಿ ತುಂಬಿರುತ್ತದೆ. ಆ ಗಾಳಿ ಹೊರಗೆ ಹೋದರೆ ಹಬೆ ಒಳಗೆ ಬರುತ್ತದೆ. ಉರಿ ತಗ್ಗಿ ಹಬೆ ತಣಿದಾಗಲೆಲ್ಲ ಗಾಳಿ ಮತ್ತೆ ಒಳಗೆ ಸೇರುತ್ತದೆ, ಅದು ಹೊರಗೆ ಹೋಗಲು ಇದ್ದ ದಾರಿ ಆ ಕಿಂಡಿಯೊಂದೇ. ಹಬೆ ಸಣ್ಣಗೆ ಬಂದರೆ ಗಾಳಿ ಉಸಿರು ಬಿಟ್ಟಂತೆ ಮೆಲ್ಲಗೆ ಹೋಗುತ್ತದೆ, ಪೆಟ್ಟಿಗೆ ಕಾದ ಮೇಲೆ ಒಳಗಿನ ಪುಟ್ಟ ಮುಚ್ಚಳ ಬಿಸಿಗೆ ಹಿಗ್ಗಿ ಕಿಂಡಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅತಿಯಾಗಿ ಉರಿಹಾಕಿ ಹಬೆಯನ್ನು ನುಗ್ಗಿಸಿದರೆ ಅದೇ ಕಿಂಡಿ ಬುಸುಗುಟ್ಟುತ್ತದೆ, ಶಿಳ್ಳೆ ಹಾಕುತ್ತದೆ. ಕೆಡುಕು ಕಿಂಡಿಯಲ್ಲಿ ಇರಲಿಲ್ಲ, ಒಲೆಯಲ್ಲಿತ್ತು. ಒಲೆಯ ಮುಂದೆ ಕೂತಿದ್ದವನು ಅವನೇ.

ಮೂರು ಬಿರಡೆಗಳನ್ನೂ ಕಿತ್ತ. ಸಿಕ್ಕಿಬಿದ್ದಿದ್ದ ಗಾಳಿ ಹೋ ಎಂದು ಹೊರಗೆ ಬಂತು. ಒಲೆಯಿಂದ ಕೊರಡುಗಳನ್ನು ಹೊರಗೆಳೆದು ನೀರು ಚಿಮುಕಿಸಿದ. ಉರಿ ತಗ್ಗಿತು. ಪೆಟ್ಟಿಗೆಗಳು ಕೊಳವೆಯ ಕಡೆಯಿಂದ ಒಂದೊಂದೇ ಪಕ್ಕೆಲುಬಾಗಿ ಬೆಚ್ಚಗಾಗುತ್ತ ಬಂದವು. ನಾಲ್ಕು ಕಿಂಡಿಗಳೂ ನಿದ್ದೆ ಹೋದ ಮಗುವಿನ ಹಾಗೆ ಉಸಿರಾಡಿ ಸುಮ್ಮನಾದವು. ಇಷ್ಟೇ ಕೆಲಸ. ಮೊದಲ ದಿನವೇ ಮಾಡಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

ಆದರೆ ಹುಳುಗಳು ಅವನು ಬುದ್ಧಿ ಕಲಿಯಲಿ ಎಂದು ಕಾದು ಕೂರುವುದಿಲ್ಲ. ಶೀತ ಹಿಡಿದ ಮೂರು ಕೋಣೆಗಳಲ್ಲಿ ಕೆಲವು ಅಂದು ಎದ್ದವು, ಕೆಲವು ಮರುದಿನ ಎದ್ದವು, ಅರ್ಧ ಪೊರೆ ಬಿಟ್ಟು ಹಾಗೇ ಒಣಗಿದವೇ ಹೆಚ್ಚು. ಎದ್ದವುಗಳಿಗೂ ಸೊಪ್ಪು ಕಡಿಯುವ ಶಕ್ತಿಯಿರಲಿಲ್ಲ. ಅವನು ತಟ್ಟೆ ತಟ್ಟೆಯನ್ನೂ ಹೊರಗೆ ತಂದು ಬೆಳಕಿಗೆ ಹಿಡಿದು ನೋಡಿದ. ನೋಡುತ್ತ ಅತ್ತ. ತನ್ನ ಹೆಸರಿಗೆ ಅತ್ತನೋ, ಹುಳುಗಳಿಗೆ ಅತ್ತನೋ, ಅವನೇ ಬಲ್ಲ.

ಒಪ್ಪಿಸುವ ದಿನ ನಾಲ್ಕು ಬೀದಿಯವರೂ ಬಂದರು. ಹೆಂಗಸರು ಅರಿಸಿನ ಕುಂಕುಮ ತಂದಿದ್ದರು, ಗಂಡಸರು ತೊಳೆದು ಒಣಗಿಸಿದ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ತಂದಿದ್ದರು. ಅಕ್ಕನ ಕೋಣೆಯ ಬೀದಿಯವರು ಹುಳು ತುಂಬಿಸಿಕೊಂಡು ಹೋದರು. ಉಳಿದವರು ಅಂಗಳದಲ್ಲಿ ನಿಂತೇ ಇದ್ದರು. ಸಾಕಣೆಗಾರ ಬಾಗಿಲಿಗೆ ಬಂದು, ಮುಚ್ಚುಮರೆ ಮಾಡದೆ ನಡೆದದ್ದನ್ನೆಲ್ಲ ಹೇಳಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ತೋಟದಲ್ಲಿ ಸೊಪ್ಪು ಸೊಂಪಾಗಿ ಬೆಳೆಸಿಕೊಂಡು ಬಂದಿದ್ದ ಒಬ್ಬ ಮುದುಕ ಮಾತ್ರ ಬರಿಯ ತಟ್ಟೆಯನ್ನು ಕೆಳಗಿಳಿಸಿ ಕೇಳಿದ.

"ಮೂರು ಕೋಣೆ ಹುಳ ಸಾಯೋವರ್ಗೂ ನಿಂಗೆ ತಿಳೀಲೇ ಇಲ್ವೇನಪ್ಪ?"

"ಇಲ್ಲ ಕಣಣ್ಣ, ಅಲ್ಲಿ ಏನೂ ಸದ್ದೇ ಇರಲಿಲ್ಲ" ಎಂದ ಸಾಕಣೆಗಾರ.

ಮುದುಕ ತಟ್ಟೆಯನ್ನು ಎತ್ತಿಕೊಂಡು ಹೋದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಚನ್ನವೀರಯ್ಯ ತಲೆದೂಗಿದ. ಅವನು ಓದಿದವನು, ಚುರುಕು ಬುದ್ಧಿಯವನು, ಕತೆಯ ಸಾರವನ್ನು ಹಿಂಡಿ ತೆಗೆಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಿಂಡಿಯನ್ನು ಮುಚ್ಚಬಾರದು, ಸಹಿಸಿಕೊಳ್ಳಬೇಕು ಎಂದು ತಿಳಿದುಕೊಂಡ. ದೊಡ್ಡ ಮನಸ್ಸು ಮಾಡಿದ ತೃಪ್ತಿಯೂ ಅವನ ಮುಖದಲ್ಲಿ ಸ್ವಲ್ಪ ಕಂಡಿತು.

"ಆಗಲಿ ಬುದ್ಧಿ. ಸಿದ್ದಮಲ್ಲ ಇರಲಿ. ಹಾಸಿಗೆ ಬಿಚ್ಚಿಕೊಳ್ಳಲು ಹೇಳುತ್ತೇನೆ" ಎಂದು ಎದ್ದು, ಕೈಮುಗಿದು, ಬಾಗಿಲವರೆಗೆ ಹೋದ.

ಗುರುಗಳು ಅವನನ್ನು ಹಿಂದಿನಿಂದ ಕರೆದು ಕೇಳಿದರು:

"ಸಿದ್ದಮಲ್ಲನ ಮಾತು ಹಾಗಿರಲಿ, ಉಳಿದವರೆಲ್ಲ ಬಾಯಿ ಬಿಡುವುದನ್ನು ನಿಲ್ಲಿಸಿದ್ದು ಯಾವಾಗ?"